ಸಾಫ್ಟ್‌ವೇರ್ ತಡವಾಗುವುದು ಕಾಯುವುದರಲ್ಲಿ

ಮಾನ್ಯ ಸಂಪಾದಕರೇ,

ಸಾಫ್ಟ್‌ವೇರ್ ತಂಡಗಳಲ್ಲಿ ‘ಲೀನ್’ ಎಂದ ಕೂಡಲೇ ಜನರನ್ನು ಕಡಿಮೆ ಮಾಡುವ, ಇದ್ದವರನ್ನು ಹೆಚ್ಚು ದುಡಿಸುವ ಮಾತು ಶುರುವಾಗುತ್ತದೆ. ಇದು ತಪ್ಪು ತಿಳಿವಳಿಕೆ. ಜಪಾನಿನ ಕಾರು ಕಂಪನಿ ಟೊಯೊಟಾದಲ್ಲಿ ಎಂಜಿನಿಯರ್ ತೈಚಿ ಓನೊ ಬೆಳೆಸಿದ ಆ ಪದ್ಧತಿ ಹುಡುಕುವುದು ದಂಡವಾಗುವ ಕೆಲಸವನ್ನು: ಬೇಡದ್ದನ್ನು ಮಾಡುವುದು, ಮಾಡಿ ಪೇರಿಸಿಡುವುದು, ಕಾಯುವುದು, ಕೆಟ್ಟದ್ದನ್ನು ಮತ್ತೆ ಮಾಡುವುದು. ದಾವಣಗೆರೆಯ ಸಣ್ಣ ತಂಡಗಳೂ ಇದನ್ನು ನಾಳೆಯೇ ಶುರು ಮಾಡಬಹುದು. ಬೇಕಾದದ್ದು ಒಂದು ಬಿಳಿ ಬೋರ್ಡು, ಒಂದಿಷ್ಟು ಚೀಟಿ.

ಎಪಿಎಂಸಿ ಪ್ರಾಂಗಣದಲ್ಲಿ ಮಾರಾಟವಾಗದ ಮೆಕ್ಕೆಜೋಳದ ಚೀಲಗಳು ಎಲ್ಲರ ಕಣ್ಣಿಗೂ ಬೀಳುತ್ತವೆ, ಮೋಡ ಕವಿದರೆ ತಾಡಪಾಲು ಹುಡುಕುತ್ತೇವೆ. ಅರ್ಧ ಬರೆದ ಕೋಡ್ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಮೊದಲು ಅದನ್ನು ಕಾಣುವಂತೆ ಮಾಡಬೇಕು. ಈಚೆಗೆ ಮುಗಿಸಿಕೊಟ್ಟ ಐದು ಕೆಲಸಗಳನ್ನು ಆರಿಸಿ, ಗ್ರಾಹಕರು ಕೇಳಿದ ದಿನದಿಂದ ಸರ್ವರ್‌ಗೆ ಏರಿದ ದಿನದವರೆಗೆ ಪ್ರತಿ ಹಂತದ ತಾರೀಖು ಬರೆಯಿರಿ. ಎರಡು ದಿನದ ಕೋಡಿಂಗ್‌ಗೆ 24 ದಿನ ಹಿಡಿದಿದ್ದರೆ, ಉಳಿದ 22 ದಿನ ಬಹುಪಾಲು ರಿವ್ಯೂಗೋ (ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವುದು) ಟೆಸ್ಟ್ ಮಾಡುವವರ ಬಿಡುವಿಗೋ ಗ್ರಾಹಕರ ಉತ್ತರಕ್ಕೋ ಕಾದ ದಿನಗಳೇ ಆಗಿರುತ್ತವೆ. ಎಷ್ಟೇ ಚುರುಕಿನ ಪ್ರೋಗ್ರಾಮರ್‌ನನ್ನು ತಂದರೂ ಉಳಿಸಬಹುದಾದದ್ದು ಆ ಎರಡು ದಿನದಲ್ಲಿ ಅರ್ಧ ದಿನ.

ನಂತರ ಬೋರ್ಡಿನ ಮೇಲೆ ಕೋಡಿಂಗ್, ರಿವ್ಯೂ, ಟೆಸ್ಟಿಂಗ್, ಗ್ರಾಹಕರ ಒಪ್ಪಿಗೆ ಎಂದು ಕಾಲಂ ಎಳೆಯಿರಿ. ಒಂದೊಂದು ಕೆಲಸಕ್ಕೂ ಒಂದು ಚೀಟಿ ಅಂಟಿಸಿ, ಒಂದೊಂದು ಕಾಲಂನ ತಲೆಯ ಮೇಲೆ ಒಮ್ಮೆಗೆ ಎಷ್ಟು ಚೀಟಿ ಇರಬಹುದೆಂಬ ಮಿತಿ ಬರೆಯಿರಿ. ಐದು ಜನರ ತಂಡಕ್ಕೆ ಕ್ರಮವಾಗಿ 3, 2, 2, 1 ಸಾಕು. ರಿವ್ಯೂ ಕಾಲಂನಲ್ಲಿ ಎರಡು ಚೀಟಿ ತುಂಬಿದ್ದರೆ ಕೋಡಿಂಗ್ ಮುಗಿಸಿದವರು ಹೊಸ ಕೆಲಸಕ್ಕೆ ಕೈ ಹಾಕದೆ ರಿವ್ಯೂ ಮಾಡಲು ಕೂರಬೇಕು. ಲೆಕ್ಕ ಸರಳ: ವಾರಕ್ಕೆ 4 ಕೆಲಸ ಮುಗಿಸುವ ತಂಡ 20 ಕೆಲಸ ಕೈಯಲ್ಲಿ ಹಿಡಿದಿದ್ದರೆ ಒಂದೊಂದಕ್ಕೂ ಸರಾಸರಿ 5 ವಾರ ಹಿಡಿಯುತ್ತದೆ, 8 ಹಿಡಿದರೆ 2 ವಾರ. 1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸರದಿಯ ಸೂತ್ರವಿದು. ಬ್ಯಾಂಕಿನ ಕೌಂಟರಿಗೆ ಹೊಂದುವಂತೆ ಕೋಡಿಗೂ ಹೊಂದುತ್ತದೆ.

ಈ ಮಿತಿಯ ಪದ್ಧತಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಕೆಲವರು ‘ತಡೆ ಹಿಡಿದದ್ದು’ ಎಂಬ ಇನ್ನೊಂದು ಕಾಲಂ ಎಳೆದು, ಸಿಕ್ಕಿಬಿದ್ದ ಚೀಟಿಗಳನ್ನೆಲ್ಲ ಮಿತಿಯ ಹೊರಗೆ ತಳ್ಳುತ್ತಾರೆ; ಕಸವನ್ನು ಚಾಪೆಯ ಕೆಳಗೆ ಗುಡಿಸಿದಂತೆ. ಚೀಟಿ ನಿಂತ ಕಾಲಂನಲ್ಲೇ ಇರಲಿ, ಮೇಲೊಂದು ಕೆಂಪು ಗುರುತು ಬೀಳಲಿ. ಎರಡನೆಯದು ಯಜಮಾನರ ಕಳವಳ. ಒಬ್ಬರು ಅರ್ಧ ಗಂಟೆ ಸುಮ್ಮನೆ ಕೂತದ್ದು ಕಂಡರೆ ಹೊಸ ಕೆಲಸ ಕೊಟ್ಟುಬಿಡುತ್ತಾರೆ, ಅಲ್ಲಿಗೆ ಮಿತಿ ಮುರಿಯಿತು. ಖಾಲಿ ಕೂತ ಮನುಷ್ಯ ಕಾಣುತ್ತಾನೆ, ಮೂರು ವಾರದಿಂದ ಖಾಲಿ ಬಿದ್ದ ಕೆಲಸ ಕಾಣುವುದಿಲ್ಲ. ನಷ್ಟ ಮಾಡುವುದು ಆ ಖಾಲಿ ಬಿದ್ದ ಕೆಲಸವೇ.

ಚೀಟಿಯ ಗಾತ್ರವೂ ಮುಖ್ಯ. ಮೂರು ದಿನಕ್ಕಿಂತ ದೊಡ್ಡದಾದರೆ ಒಡೆಯಬೇಕು. ಒಡೆಯುವಾಗ ಡೇಟಾಬೇಸ್ ಒಂದು, ಸ್ಕ್ರೀನ್ ಒಂದು ಎಂದು ಹೋಳು ಮಾಡಿದರೆ ಯಾವ ಹೋಳೂ ಯಾರಿಗೂ ಉಪಯೋಗಕ್ಕೆ ಬಾರದು. ಚನ್ನಗಿರಿಯ ಅಡಿಕೆ ಮಂಡಿಗೆ ತಂತ್ರಾಂಶ ಮಾಡುವುದಾದರೆ ಮೊದಲು ತೂಕದ ಚೀಟಿ ಪ್ರಿಂಟ್ ಆಗಲಿ, ಆಮೇಲೆ ರೈತರ ಲೆಕ್ಕದ ಪಟ್ಟಿ. ಬಣ್ಣದ ಗ್ರಾಫ್‌ಗಳನ್ನು ಮಂಡಿಯವರೇ ಕೇಳಿದಾಗ ನೋಡಿಕೊಳ್ಳೋಣ. ಬರೆದ ಕೋಡನ್ನು ದಿನವೂ ಮುಖ್ಯ ಬ್ರಾಂಚ್‌ಗೆ, ಅಂದರೆ ಇಡೀ ತಂಡ ಹಂಚಿಕೊಳ್ಳುವ ಕೋಡಿನ ಮೂಲ ಪ್ರತಿಗೆ, ಸೇರಿಸಬೇಕು. ಎರಡು ವಾರ ಬೇರೆ ಬಿಟ್ಟ ಬ್ರಾಂಚ್ ಹಿಂದಕ್ಕೆ ಸೇರುವಾಗ ಕಾಡದೆ ಬಿಡುವುದಿಲ್ಲ.

ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ನಮ್ಮದು, ಇಲ್ಲಿಯವರಿಗೆ ಮಗ್ಗದ ಮಾತು ಬೇಗ ಹಿಡಿಸುತ್ತದೆ. 1924ರಲ್ಲಿ ಟೊಯೊಟಾ ಸಮೂಹದ ಮೂಲಪುರುಷ ಸಕಿಚಿ ಟೊಯೊಡಾ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ಹಾಸಿನ ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಗಜಗಟ್ಟಲೆ ನೇಯ್ದು ಹೋಗುತ್ತಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಆ ಕೆಲಸ ಮಾಡುವುದು ಪ್ರತಿ ಬದಲಾವಣೆಗೂ ತಾನಾಗಿ ಓಡುವ ಟೆಸ್ಟ್‌ಗಳು. ಅವು ಹತ್ತು ನಿಮಿಷದೊಳಗೆ ಮುಗಿಯಬೇಕು, ಇಲ್ಲವಾದರೆ ಯಾರೂ ಕಾಯುವುದಿಲ್ಲ. ಒಮ್ಮೆ ಪಾಸಾಗಿ ಇನ್ನೊಮ್ಮೆ ವಿನಾಕಾರಣ ಫೇಲಾಗುವ ಟೆಸ್ಟನ್ನು ಅಂದೇ ಸರಿಪಡಿಸಿ ಅಥವಾ ತೆಗೆದುಹಾಕಿ. ಅದನ್ನು ಉಳಿಸಿಕೊಂಡರೆ ತಂಡ ಫೇಲಾದ ಟೆಸ್ಟಿನ ಕೆಂಪು ಗುರುತಿಗೆ ಒಗ್ಗಿಹೋಗುತ್ತದೆ, ಎಳೆ ನಿಜವಾಗಿ ಕಡಿದ ದಿನ ಯಾರೂ ತಿರುಗಿ ನೋಡುವುದಿಲ್ಲ.

ಬದಲಾಗಬಹುದಾದದ್ದನ್ನು ಮೊದಲೇ ಬಿಗಿದು ಕಟ್ಟಬಾರದು ಎಂಬುದೂ ಲೀನ್‌ನ ಭಾಗ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ದರವನ್ನು ಜಾರಿಯಾಗುವ ತಾರೀಖಿನ ಸಮೇತ ಡೇಟಾಬೇಸ್‌ನ ಟೇಬಲ್‌ನಲ್ಲಿ ಇಟ್ಟ ಬಿಲ್ಲಿಂಗ್ ತಂತ್ರಾಂಶಕ್ಕೆ ಹೊಸ ಸಾಲುಗಳನ್ನು ಸೇರಿಸಿದರೆ ಸಾಕು. ಕೋಡಿನೊಳಗೇ ಹಳೆಯ ಶೇ 12ರ ದರವನ್ನು ಬರೆದಿದ್ದರೆ ಪ್ರತಿ ಅಂಗಡಿಗೂ ಹೊಸ ಆವೃತ್ತಿ ಹಂಚಬೇಕು. ಹಳೆಯ ಬಿಲ್ಲಿನ ಸರಕು ವಾಪಸ್ ಬಂದಾಗ ಹಳೆಯ ದರವೂ ಬೇಕಲ್ಲ, ಅದಕ್ಕೆ ಇನ್ನೊಂದು ತೇಪೆ.

ತಂತ್ರಾಂಶ ಮಾಡಿಸುವ ವರ್ತಕರಲ್ಲೂ ಸಂಸ್ಥೆಗಳಲ್ಲೂ ಒಂದು ವಿನಂತಿ. ಒಂದೇ ಕರಾರಿನಲ್ಲಿ ಎಲ್ಲವನ್ನೂ ಕೇಳಬೇಕಾಗಿ ಬಂದರೆ, ಮುಂದೆ ಅವಕಾಶ ಸಿಗದೆಂಬ ಭಯಕ್ಕೆ ಬೇಡದ್ದೂ ಪಟ್ಟಿ ಸೇರುತ್ತದೆ. ಎರಡು ವಾರಕ್ಕೊಮ್ಮೆ ಓಡುವ ತಂತ್ರಾಂಶ ನೋಡಿ ಕಂತು ಕೊಡುವಂತೆ, ಮುಂದಿನ ಕಂತಿನ ಕೆಲಸವನ್ನು ಆಗ ನೀವೇ ಆರಿಸುವಂತೆ ಕರಾರು ಬರೆಸಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳೂ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇದೇ ಕ್ರಮ ತಂದು, ದಪ್ಪ ವರದಿಯ ಮೊದಲು ಎರಡು ವಾರಕ್ಕೊಮ್ಮೆ ಓಡುವ ಪ್ರೋಗ್ರಾಂ ಕೇಳಲಿ.

– ಸಾಫ್ಟ್‌ವೇರ್ ತಂತ್ರಜ್ಞರೊಬ್ಬರು, ದಾವಣಗೆರೆ