ಉಪ್ಪು ಕೊಳ್ಳುತ್ತೀರಾ ಅಂತ ಕೇಳಿದವರು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಕಾಲೇಜಿನ ಚುನಾವಣೆಯಲ್ಲಿ ಸೋತಿದ್ದಕ್ಕಿಂತ, ಎಲ್ಲರ ಹತ್ತಿರ ಹೋಗಿ ಮತ ಕೇಳಿದ್ದೇ ನಾಚಿಕೆ ಆಗ್ತಿದೆ ಅಮ್ಮ ಅಂದೆಯಲ್ಲ, ಆ ಮಾತಿಗೆ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಬರೆಯಬೇಕು ಅನ್ನಿಸಿತು.

ಅವರು ನಮ್ಮ ಮಂಗಳೂರಿನವರು. ಹುಟ್ಟಿದ್ದು 1903ರಲ್ಲಿ. ಏಳು ವರ್ಷದವರಿದ್ದಾಗ ಅಪ್ಪ ತೀರಿಕೊಂಡರು, ಆಸ್ತಿಯೆಲ್ಲ ಅಪ್ಪನ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಹಕ್ಕು ಅಂತ ಏನೂ ಇರಲಿಲ್ಲ. ಕಮಲಾದೇವಿಗೆ ಸಣ್ಣ ವಯಸ್ಸಿನಲ್ಲೇ ಮದುವೆಯಾಯಿತು, ಹದಿಹರೆಯ ಮುಗಿಯುವ ಮೊದಲೇ ವಿಧವೆಯೂ ಆದರು. ಆದರೂ ಓದಿದರು. ಜನ ಆಡಿಕೊಂಡರೂ ತಾವು ಮೆಚ್ಚಿದ ಕವಿ ಹರೀಂದ್ರನಾಥರನ್ನು ಮದುವೆಯಾದರು.

1926ರಲ್ಲಿ, ಇನ್ನೂ 23 ವರ್ಷ, ಹೆಂಗಸರ ಹಕ್ಕಿಗಾಗಿ ಹೋರಾಡುತ್ತಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಹುರಿದುಂಬಿಸಿದ್ದಕ್ಕೆ ಮದ್ರಾಸ್ ಪ್ರಾಂತ್ಯದ ಶಾಸನಸಭೆಯ ಚುನಾವಣೆಗೆ ನಿಂತೇಬಿಟ್ಟರು. ಆಗ ಮತ ಹಾಕುವುದಕ್ಕೂ ಆಸ್ತಿ ಇರಬೇಕಿತ್ತು, ತೆರಿಗೆ ಕಟ್ಟುತ್ತಿರಬೇಕಿತ್ತು. ಅಂದ್ರೆ ಕೈಯಲ್ಲಿ ಆಸ್ತಿಯಿಲ್ಲದ ಅವರಮ್ಮನಂಥ ಹೆಂಗಸರು ಪಟ್ಟಿಯಲ್ಲೇ ಇಲ್ಲ. ಕೇಳಬೇಕಾಗಿದ್ದು ಬಹುಪಾಲು ಗಂಡಸರನ್ನೇ. ಕೇಳಿದರು. 55 ಮತಗಳಿಂದ ಸೋತರು. ಬರೀ 55 ಕಣೇ! ನಮ್ಮ ಮನೆ ಮದುವೆಯಲ್ಲಿ ಒಂದು ಪಂಕ್ತಿಗೆ ಕೂತವರೇ ಅದಕ್ಕಿಂತ ಜಾಸ್ತಿ ಇದ್ದರು, ಅಲ್ವಾ?

ಮರುವರ್ಷವೇ ಅಖಿಲ ಭಾರತ ಮಹಿಳಾ ಸಮ್ಮೇಳನದ ಕೆಲಸಕ್ಕೆ ಇಳಿದರು. ಆದರೆ ನನಗೆ ತುಂಬಾ ಇಷ್ಟವಾದದ್ದು 1930ರ ಕಥೆ. ದಂಡಿಯಾತ್ರೆಗೆ ಹೆಂಗಸರು ಬೇಡ ಅಂತ ಗಾಂಧೀಜಿ ತೀರ್ಮಾನಿಸಿದ್ದರು. ಇವರು ಸುಮ್ನೆ ಕೂರಲಿಲ್ಲ. ಯಾತ್ರೆ ಹೋಗುತ್ತಿದ್ದ ದಾರಿಯಲ್ಲೇ ಅವರನ್ನು ಕಂಡು, ಉಪ್ಪಿನ ಸತ್ಯಾಗ್ರಹದಲ್ಲಿ ನಮಗೂ ಜಾಗ ಕೊಡಿ ಅಂತ ಕೇಳಿ ಒಪ್ಪಿಸಿದರು. ಆಮೇಲೆ ಮುಂಬೈಯಲ್ಲಿ ಉಪ್ಪು ತಯಾರಿಸಿ, ಪೊಟ್ಟಣ ಕಟ್ಟಿ, ಷೇರುಪೇಟೆಗೇ ಹೋಗಿ ಮಾರಿದರು. ಅಲ್ಲಿಗೂ ನಿಲ್ಲಿಸದೆ ಕೋರ್ಟಿಗೆ ಹೋಗಿ, ಈ ಸ್ವಾತಂತ್ರ್ಯದ ಉಪ್ಪನ್ನು ನೀವೂ ಕೊಳ್ಳುತ್ತೀರಾ ಅಂತ ಮ್ಯಾಜಿಸ್ಟ್ರೇಟರನ್ನೇ ಕೇಳಿದರು! ಜೈಲೂ ಆಯಿತು.

ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಹಿಂದೆ ಹೋಗಲಿಲ್ಲ. ಗಡಿ ದಾಟಿ ಬಂದ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ಊರು ಕಟ್ಟಲು ದುಡಿದರು, 1952ರಿಂದ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಕುಶಲಕರ್ಮಿಗಳನ್ನು ಹುಡುಕಿಕೊಂಡು ಊರೂರು ಸುತ್ತಿದರು.

ಒಂದು ವಿಷಯ. ನೀನು ಎಷ್ಟು ಮತದಿಂದ ಸೋತೆ ಅಂತ ಹೇಳಲೇ ಇಲ್ಲ. ಶನಿವಾರ ಬಂದಾಗ ಹೇಳು. ಹಾಗೇ, ಯಾರ ಹತ್ತಿರ ಹೋಗಿ ಕೇಳೋಕೆ ಆಗಲಿಲ್ಲ ಅನ್ನೋದನ್ನೂ.

ನಿನ್ನ
ಅಮ್ಮ