ಹಕೀಕ್ ಸರಗಳ ಬಣ್ಣ ಮತ್ತು ದರದ ಬಗ್ಗೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಈ ಯುಗಾದಿಯಿಂದ ಗುಲಾಬಿ, ನೇರಳೆ, ಗಿಳಿಹಸಿರು ಹಕೀಕ್ (ಅಗೇಟ್ ಕಲ್ಲು) ಸರಗಳ ಮಾರಾಟ ನಿಲ್ಲಿಸಿದ್ದೇವೆ. ಇನ್ನು ಕಪ್ಪು ಮತ್ತು ಕೆಂಪು ಮಾತ್ರ, ಅದೂ ಹಳೆಯ ಪದ್ಧತಿಯಲ್ಲಿ ಬಣ್ಣ ಕಟ್ಟಿದ್ದು. ಕಪ್ಪು ಸರದ ದರ 850 ರೂಪಾಯಿಯಿಂದ 1,150ಕ್ಕೆ ಏರಿದೆ. ಕಾಯಬೇಕಾದ ಸಮಯವೂ ಹೆಚ್ಚಿದೆ. ಮದುವೆಯ ಉಡುಗೊರೆಗೆಂದು ಹೇಳಿಟ್ಟು, ಹೊತ್ತಿಗೆ ಸರ ಸಿಗದೆ ತೊಂದರೆಪಟ್ಟವರಲ್ಲಿ ಕ್ಷಮೆ ಕೇಳುತ್ತೇವೆ. ದರಕ್ಕೆ ಮಾತ್ರ ಕ್ಷಮೆಯಲ್ಲ, ಲೆಕ್ಕ ಕೊಡುತ್ತೇವೆ.

ಕಪ್ಪು ಬರಿಸಲು ಕಲ್ಲನ್ನು ಸಕ್ಕರೆ ನೀರಲ್ಲಿ ನೆನೆಸುತ್ತೇವೆ. ‘ಸಕ್ಕರೆ ನೀರಲ್ಲಿ ನೆನೆಸಿದ ಕಲ್ಲಿಗೆ ಇಷ್ಟೊಂದಾ?’ ಎಂದು ಕೇಳುವವರಿದ್ದಾರೆ. ಸಕ್ಕರೆಯ ಖರ್ಚು ಕಡಿಮೆಯೇ. ಲೀಟರ್ ನೀರಿಗೆ 375 ಗ್ರಾಂ. ಜರ್ಮನಿಯ ಈಡಾರ್-ಓಬರ್‌ಸ್ಟೈನ್ ಊರಿನ ಬಣ್ಣಗಾರರ ಅಳತೆ ಅದು, ನಮ್ಮದೂ ಅದೇ. ದುಡ್ಡು ಹೋಗುವುದು ಅದರ ಹಿಂದೆ ಮುಂದೆ. ಕೊಯ್ದು, ತೂತು ಕೊರೆದು ಬಂದ ಮಣಿಯಲ್ಲಿ ಎಣ್ಣೆಯ ಅಂಶ ಕೂತಿರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಅದನ್ನು ಬಿಡಿಸದಿದ್ದರೆ ಸಕ್ಕರೆ ಒಳಗಿಳಿಯದೆ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಆಮೇಲೆ ಬೆಚ್ಚಗಿನ ಸಕ್ಕರೆ ನೀರಲ್ಲಿ ಎರಡು ಮೂರು ವಾರ. ಆವಿಯಾದಷ್ಟು ನೀರು ಸೇರಿಸುತ್ತಾ ಕಾಯಬೇಕು. ತೆಗೆದ ಮೇಲೆ ಮಣಿಯ ಮೈ ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಆಸಿಡ್‌ನಲ್ಲಿ ಹೊರಗಿನ ಸಕ್ಕರೆಯೇ ಸುಟ್ಟು ಮಸಿಯ ಪದರ ಕಟ್ಟುತ್ತದೆ. ನಂತರ ಗಾಜಿನ ಪಾತ್ರೆಯಲ್ಲಿ ತೀಕ್ಷ್ಣ ಸಲ್ಫ್ಯೂರಿಕ್ ಆಸಿಡ್, ಸಣ್ಣ ಶಾಖ. ಆಸಿಡ್ ಸಕ್ಕರೆಯಿಂದ ನೀರಿನ ಅಂಶವನ್ನು ಕಿತ್ತುಕೊಂಡು ಇಂಗಾಲವನ್ನು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಬಿಟ್ಟುಹೋಗುತ್ತದೆ. ನೀವು ಕಾಣುವ ಕಪ್ಪು ಆ ಇಂಗಾಲ. ಅವಸರದಲ್ಲಿ ಶಾಖ ಏರಿಸಿದರೆ ಮಣಿ ಸೀಳುತ್ತದೆ. ಸೀಳಿದ್ದನ್ನು ಸರಕ್ಕೆ ಸೇರಿಸುವುದಿಲ್ಲ, ಅದರ ನಷ್ಟ ನಮ್ಮದೇ.

ಆಸಿಡ್ ತರುವುದೂ ಮೊದಲಿನಂತಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಮಾರಾಟಕ್ಕೆ ಬಿಗಿ ತಂದಿತು. ಯಾರು, ಎಷ್ಟು, ಯಾತಕ್ಕೆ ಎಂಬುದೆಲ್ಲ ದಾಖಲಾಗಬೇಕು. ಇದು ಬೇಕಾದ ನಿಯಮವೇ, ನಮ್ಮ ತಕರಾರಿಲ್ಲ. ಬಳಸಿದ ಆಸಿಡನ್ನು ಮೋರಿಗೆ ಬಿಡುವಂತಿಲ್ಲ, ಬಿಡುವವರೂ ನಾವಲ್ಲ. ಸುಣ್ಣ ಹಾಕಿ ತಟಸ್ಥ ಮಾಡಿ, ಕೆಳಗೆ ಕೂತ ಕೆಸರನ್ನು ದುಡ್ಡು ಕೊಟ್ಟು ಸಾಗಿಸಬೇಕು. ಎಲ್ಲಕ್ಕಿಂತ ಹೆಚ್ಚು ಕೆಲಸ ಕೊನೆಯ ತೊಳೆತದ್ದು. ರಂಧ್ರದಲ್ಲಿ ಆಸಿಡ್ ಉಳಿದರೆ ಹತ್ತಿಯ ದಾರ ಲಡ್ಡಾಗಿ ಸರ ಕುತ್ತಿಗೆಯಲ್ಲೇ ಹರಿಯುತ್ತದೆ. ಹಾಗಾಗಿ ವಾಷಿಂಗ್ ಸೋಡಾ ನೀರಲ್ಲಿ ನೆನೆಹಾಕಿ, ನೀರು ಬದಲಿಸಿ ಬದಲಿಸಿ, ಮಣಿಯ ತೂತಿಗೆ ಒದ್ದೆ ಲಿಟ್ಮಸ್ ಕಾಗದ ಹಿಡಿದು ನೋಡುತ್ತೇವೆ. ಕಾಗದ ಕೆಂಪಾದರೆ ಆ ಮಣಿ ಮತ್ತೆ ನೀರಿಗೆ.

ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ: ‘ಬಣ್ಣ ಹಾಕಿದ್ದೀರಿ ಅಂದ ಮೇಲೆ ಡೂಪ್ಲಿಕೇಟ್ ತಾನೆ?’ ಅಲ್ಲ. ಡೂಪ್ಲಿಕೇಟ್ ಅನ್ನಬೇಕಾದ್ದು ಹಕೀಕ್ ಹೆಸರಲ್ಲಿ ಮಾರುವ ಗಾಜನ್ನು. ಬಣ್ಣ ಕಟ್ಟಿದ ಹಕೀಕ್ ಹಕೀಕೇ. ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿ: ಕಪ್ಪಿನ ನಡುವೆ ಬಿಳಿ ಗೆರೆ ಹಾಗೇ ಉಳಿದಿರುತ್ತದೆ. ಆ ಪದರ ಒತ್ತಾಗಿದ್ದರಿಂದ ಸಕ್ಕರೆ ಅದರೊಳಗೆ ಇಳಿಯಲಿಲ್ಲ. ಪೇಟೆಯಲ್ಲಿ ಕಪ್ಪು ಓನಿಕ್ಸ್ ಎಂದು ಸಿಗುವುದರಲ್ಲಿ ಹೆಚ್ಚಿನದು ಹೀಗೆ ಕಪ್ಪಾದದ್ದೇ. ಕಲ್ಲಿಗೆ ಸಿಹಿ ಕುಡಿಸುವುದು ಹೊಸದೇನಲ್ಲ: ಕಲ್ಲನ್ನು ಜೇನಿನಲ್ಲಿ ಏಳು ಹಗಲು ಏಳು ರಾತ್ರಿ ಕುದಿಸುತ್ತಾರೆಂದು ರೋಮಿನ ಲೇಖಕ ಪ್ಲಿನಿ ಕ್ರಿ.ಶ. 1ನೇ ಶತಮಾನದಲ್ಲೇ ಬರೆದಿದ್ದಾನೆ.

ಕೆಂಪಿಗಂತೂ ಹೊರಗಿನ ಬಣ್ಣವೇ ಇಲ್ಲ. ಗುಜರಾತಿನ ರತನ್‌ಪುರದ ಕಲ್ಲಿನಲ್ಲಿ ಕಬ್ಬಿಣ ಮೊದಲೇ ಇದೆ. ಹಳದಿ-ಕಂದಾಗಿರುವುದು ಶಾಖಕ್ಕೆ ಕೆಂಪಾಗುತ್ತದೆ. ಅದೇ ಗುಜರಾತಿನ ಮಣಿಗಾರರ ಊರು ಖಂಭಾತದ ರೂಢಿಯಂತೆ ಕಲ್ಲನ್ನು ತಿಂಗಳುಗಟ್ಟಲೆ ಬಿಸಿಲಲ್ಲಿ ಒಣಗಿಸಿ, ಮಡಕೆಗಳಲ್ಲಿ ತುಂಬಿ, ಬಾಯಿ ಕೆಳಗೆ ಮಾಡಿ ಸಾಲಾಗಿಟ್ಟು, ಆಡಿನ ಹಿಕ್ಕೆಯ ಬೆಂಕಿಯಲ್ಲಿ ರಾತ್ರಿಯಿಡೀ ಬಿಡುತ್ತಿದ್ದರು. ಈಗ ಕರೆಂಟಿನ ಕುಲುಮೆಯೂ ಇದೆ, ಬಿಸಿಲಿನ ಕೆಲಸ ಮಾತ್ರ ತಪ್ಪುವುದಿಲ್ಲ: ಒಳಗೆ ತೇವ ಉಳಿದ ಕಲ್ಲು ಬೆಂಕಿಯಲ್ಲಿ ಒಡೆಯುತ್ತದೆ. ಮಳೆಗಾಲದಲ್ಲಿ ಕೆಂಪು ಸರ ಬರುವುದು ತಡವಾಗುವುದಕ್ಕೆ ಕಾರಣ ಇದು. ಹರಪ್ಪ ಕಾಲದ ಮಣಿಗಾರರು ಹೀಗೆ ಕಲ್ಲನ್ನು ಕಾಯಿಸಿದ್ದಷ್ಟೇ ಅಲ್ಲ, ಕೆಂಪು ಮಣಿಯ ಮೇಲೆ ಕ್ಷಾರದಿಂದ ಗೆರೆ ಬರೆದು, ಸುಟ್ಟು ಬಿಳಿ ಚಿತ್ತಾರ ಮೂಡಿಸುತ್ತಿದ್ದರು. ಅಂಥ ಮಣಿಗಳು ಇರಾಕಿನ ಉರ್ ನಗರದ ರಾಜಸಮಾಧಿಗಳಲ್ಲೂ ಸಿಕ್ಕಿವೆ. ಅವನ್ನು ಯಾರೂ ಡೂಪ್ಲಿಕೇಟ್ ಅನ್ನುವುದಿಲ್ಲ.

ಹಾಗಾದರೆ ಗುಲಾಬಿ, ನೇರಳೆಯಂಥವನ್ನು ಏಕೆ ಬಿಟ್ಟೆವು? ಅವಕ್ಕೆ ಹಾಕುವುದು ಅನಿಲಿನ್ ಜಾತಿಯ, ಅಂದರೆ ರಾಸಾಯನಿಕವಾಗಿ ತಯಾರಿಸಿದ ಬಣ್ಣ. ನೋಡಲು ಚೆಂದ, ಆದರೆ ಬಿಸಿಲಿಗೆ ಮಾಸುತ್ತದೆ. ಇಂಗಾಲವೂ ಕಬ್ಬಿಣದ ಕೆಂಪೂ ಮಾಸುವುದಿಲ್ಲ.

ಮೊದಲು ನಮ್ಮಿಂದ ಕೊಂಡ ಗುಲಾಬಿ, ನೇರಳೆ ಸರ ಮಾಸಿದ್ದರೆ ತನ್ನಿ. ದೀಪಾವಳಿಯವರೆಗೆ ಅದರ ಬದಲು ಕಪ್ಪು ಸರವನ್ನು ಹಳೆಯ ದರಕ್ಕೇ ಕೊಡುತ್ತೇವೆ. ದಾರ ಬದಲಿಸಲು ಎಂದಿನಂತೆ ದುಡ್ಡಿಲ್ಲ. ಕೌಂಟರಿನಲ್ಲಿ ಹತ್ತಿ, ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರವ), ಭೂತಗನ್ನಡಿ ಇಟ್ಟಿದ್ದೇವೆ. ಯಾವ ಸರವನ್ನಾದರೂ ಒರೆಸಿ, ಹತ್ತಿಗೆ ಬಣ್ಣ ಹತ್ತುತ್ತದೆಯೇ ನೋಡಿ, ಮಣಿಯ ತೂತಿನ ಸುತ್ತ ಬಣ್ಣ ಗಡ್ಡೆಕಟ್ಟಿದೆಯೇ ಎಂದು ನೋಡಿ, ಆಮೇಲೆ ಕೊಳ್ಳಿ.

ಅಂಗಡಿಯ ಎಲ್ಲರ ಪರವಾಗಿ