ಪಿಯಾನೋ ಟ್ಯೂನಿಂಗ್ ಮಾಡುವಾಗ ಭುಜ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಮಳೆ ನಿಂತಿದೆ, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳಿಂದ ಇನ್ನು ಕರೆಗಳು ಜಾಸ್ತಿ ಬರುತ್ತವೆ. ಥಂಡಿಗೆ ಶ್ರುತಿ ಏರುಪೇರಾಗಿರುತ್ತದೆ, ಅಲ್ವಾ?

ಒಂದು ಪಿಯಾನೋದಲ್ಲಿ 88 ಕೀ, ಸುಮಾರು 220 ತಂತಿ. ತಂತಿ ಸುತ್ತಿರುವ ಅಷ್ಟೂ ಪಿನ್ ತಿರುಗಿಸುವಾಗ ಭುಜ ಎತ್ತಿಕೊಂಡೇ ಇದ್ದರೆ ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ.

ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೋ) ಆದರೆ ನಿಂತು ಮಾಡುವುದೇ ನನಗೆ ಸರಿ ಅನಿಸುತ್ತದೆ. ಮೊಣಕೈಯನ್ನು ಪಿಯಾನೋ ಅಂಚಿಗೆ ಆನಿಸಿ. ಪಿನ್ ತಿರುಗಿಸುವ ಲಿವರ್ ಆದಷ್ಟು ನೆಟ್ಟಗೆ, ಗಡಿಯಾರದ 12ರ ಕಡೆಗಿರಲಿ; ಪಿನ್ ಬಾಗುವುದೂ ಕಡಿಮೆ. ಮಣಿಕಟ್ಟು ತಿರುಚಬೇಡಿ, ಇಡೀ ತೋಳಿನಿಂದ ಎಳೆಯಿರಿ.

ಗ್ರಾಂಡ್‌ಗೆ (ತಂತಿಗಳು ಅಡ್ಡಲಾಗಿ ಮಲಗಿರುವ ಪಿಯಾನೋ) ಕೂತು ಮಾಡುವವರು ಮೇಲಿನ ಸ್ವರಗಳಿಗೆ ಹೋದಾಗ ಸ್ಟೂಲನ್ನೂ ಸರಿಸಿಕೊಳ್ಳಿ. ಸೊಂಟ ತಿರುಚಿ ಕೈ ಚಾಚಬೇಡಿ, ದಯವಿಟ್ಟು. ಸ್ಟೂಲು ತಗ್ಗಾಗಿದ್ದರೆ ಮನೆಯವರ ಹತ್ತಿರ ದಿಂಬು ಕೇಳಿ, ಸಂಕೋಚ ಬೇಡ. ನೋವು ಶುರುವಾದರೆ ಲಿವರ್ ಕೆಳಗಿಟ್ಟು ಸ್ವಲ್ಪ ಓಡಾಡಿ ಬನ್ನಿ.